ಮೋಟು ಸಿಗರೇಟಿಗೊಂದು ಕೊಳವೆ

ಇವತ್ತಿನ ಸಂಚಿಕೆ ಒಂದು ಪುಟ್ಟ ವಸ್ತುವಿನ ಬಗ್ಗೆ. ಕಿರುಬೆರಳಿನಷ್ಟು ಉದ್ದ, ಒಂದು ಕಡೆ ಮುಚ್ಚಿರುವ, ಇನ್ನೊಂದು ಕಡೆ ತೆರೆದಿರುವ ಲೋಹದ ಕೊಳವೆ. ಸೇದುತ್ತಿರುವ ಸಿಗರೇಟನ್ನು ಅರ್ಧಕ್ಕೇ ನಿಲ್ಲಿಸಬೇಕು ಅನ್ನಿಸಿದರೆ, ಉರಿಯುವ ತುದಿಯನ್ನು ಇದರೊಳಗೆ ತೂರಿಸಿಬಿಡೋದು. ಕೆಲವು ಸೆಕೆಂಡಿಗೆ ಕೆಂಡ ಆರುತ್ತೆ. ಸಿಗರೇಟು ಮುರಿಯಲ್ಲ, ಚಪ್ಪಟೆ ಆಗಲ್ಲ, ಹಾಗೇ ಜೇಬಿಗೆ ಹಾಕಿಕೊಂಡು ಹೋಗಿ ಆಮೇಲೆ ಮತ್ತೆ ಹಚ್ಚಬಹುದು. ಅಷ್ಟೇ ಇದರ ಕೆಲಸ.

ನಾನು ಸಿಗರೇಟು ಸೇದಲ್ಲ. ಆದರೂ ಇದರ ಹಿಂದೆ ಬಿದ್ದಿದ್ದು ನಮ್ಮಪ್ಪನಿಂದ. ಅಪ್ಪ ದಾವಣಗೆರೆಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಮಾತ್ರೆ ತುಂಬಿಕೊಂಡು ಬರುವ ಅಲ್ಯೂಮಿನಿಯಂ ಡಬ್ಬಿ ಇರುತ್ತಲ್ಲ, ಉದ್ದುದ್ದಕ್ಕೆ, ಅಂಥದ್ದೊಂದು ಖಾಲಿ ಡಬ್ಬಿಯನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಅರ್ಧ ಸೇದಿ ಅದರೊಳಗೆ ಹಾಕಿ ಮುಚ್ಚಳ ಬಿಗಿದರೆ ಮುಗೀತು. ಅದಕ್ಕೆ ಮೊದಲು ಕಿಟಕಿ ಕಟ್ಟೆಗೆ ತಿಕ್ಕಿ ಆರಿಸಿ ಪ್ಯಾಕಿಗೇ ವಾಪಸ್ ಹಾಕೋರು. ಒಂದು ಸಲ ಸರಿಯಾಗಿ ಆರದೆ ಜೇಬು ಸುಟ್ಟು, ಅಮ್ಮ ಮನೆ ಮೇಲೆ ಮನೆ ಬೀಳೋ ಹಾಗೆ ಕೂಗಾಡಿದ ಮೇಲೆ ಈ ಡಬ್ಬಿ ಬಂತು. ಇದು ಅಪ್ಪನದೇ ಉಪಾಯ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಆಮೇಲೆ ಗೊತ್ತಾಗಿದ್ದು, 20ನೇ ಶತಮಾನದ ಮೊದಲಾರ್ಧದಲ್ಲೇ ಅಮೆರಿಕದ ಪೇಟೆಂಟ್ ಕಚೇರಿಗೆ ಸಿಗರೇಟ್ ಆರಿಸುವ ಸಾಧನ ಅಂತ ಹೇಳಿಕೊಂಡು ಅನೇಕ ಅರ್ಜಿಗಳು ಹೋಗಿದ್ದವು. ಜೇಬಿನ ಕೊಳವೆ, ಎರಡು ಮೂರು ತೂತಿನ ಪೆಟ್ಟಿಗೆ, ಆ್ಯಶ್‌ಟ್ರೇ ಅಂಚಿಗೇ ಕೂರಿಸಿದ ಕೊಳವೆ, ಹೀಗೆ ತರಹೇವಾರಿ.

ಕೆಲಸ ಮಾಡುವ ರೀತಿ ನಮಗೆ ಹೊಸದೇನಲ್ಲ. ನಮ್ಮಜ್ಜಿ ಅಡುಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ಹಳೇ ಮಡಕೆ ಕವುಚಿ ಹಾಕುತ್ತಿದ್ದಳು. ನೀರು ಹೊಯ್ದರೆ ಕೆಂಡ ಹಾಳು, ಹಾಗೇ ಬಿಟ್ಟರೆ ಬೂದಿ. ಮಡಕೆ ಕವುಚಿದರೆ ಗಾಳಿ ಸಿಗದೆ ಆರಿ, ನಾಳೆಗೆ ಇದ್ದಿಲು. ಸಿಗರೇಟಿನ ಕೊಳವೆಯೂ ಅದೇ. ಸಾಧಾರಣ ಸಿಗರೇಟು ಸುಮಾರು 8 ಮಿಲಿಮೀಟರ್ ದಪ್ಪ. ಕೊಳವೆ ಅದಕ್ಕಿಂತ ಕೂದಲೆಳೆಯಷ್ಟು ಅಗಲ ಇದ್ದರೆ ಒಳಗೆ ಇರೋದೇ ಚೂರು ಗಾಳಿ. ದಮ್ಮು ಎಳೆಯುವಾಗ ಸಿಗರೇಟಿನ ಕೆಂಡ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತೆ, ಸುಮ್ಮನೆ ಹಿಡಿದಿದ್ದರೆ 600ರ ಹತ್ತಿರ ಇರುತ್ತೆ. ಆ ಚೂರು ಗಾಳಿಯ ಆಮ್ಲಜನಕವನ್ನು ಕ್ಷಣದಲ್ಲಿ ತಿಂದುಹಾಕಿ ತಾನೇ ಉಸಿರು ಕಟ್ಟುತ್ತೆ. ಲೋಹ ಶಾಖವನ್ನೂ ಹೀರಿಕೊಳ್ಳುತ್ತೆ.

ಈಗ ಒಂದು ಪ್ರಶ್ನೆ. ನಮ್ಮ ಕಡೆ ಬೀಡಿ ಸೇದೋರು ಲಕ್ಷಾಂತರ ಜನ. ಅವರಿಗೆ ಯಾಕೆ ಇಂಥ ಕೊಳವೆ ಬೇಕಾಗಲಿಲ್ಲ? ಕಿವಿ ಮೇಲೆ ಮೋಟು ಬೀಡಿ ಸಿಗಿಸಿಕೊಂಡು ಗಾರೆ ಕೆಲಸ ಮಾಡೋರನ್ನ, ಗಾಡಿ ಹೊಡೆಯೋರನ್ನ ನೀವೂ ನೋಡಿರುತ್ತೀರಿ. ಬೀಡಿ ಸೇದಿದವರಿಗೆ ಉತ್ತರ ಗೊತ್ತು. ಬೀಡಿಯನ್ನು ಎರಡು ನಿಮಿಷ ಬಾಯಿಗೆ ಇಡದಿದ್ದರೆ ಅದೇ ಆರಿಹೋಗುತ್ತೆ. ತೂಪ್ರದ ಎಲೆ ಕಾಗದದ ಹಾಗೆ ಗಾಳಿ ಬಿಡಲ್ಲ, ಕೆಂಡ ಜೀವಂತ ಇರಬೇಕಾದರೆ ನೀವು ಎಳೆಯುತ್ತಾ ಇರಬೇಕು. ಸಿಗರೇಟು ಹಾಗಲ್ಲ. ಹಚ್ಚಿ ಆ್ಯಶ್‌ಟ್ರೇ ಮೇಲಿಟ್ಟು ಫೋನಿನಲ್ಲಿ ಮಾತಾಡಿ ಬನ್ನಿ, ಅದು ತನ್ನ ಪಾಡಿಗೆ ತಾನು ಸೇದಿಕೊಂಡು ಮುಗಿದಿರುತ್ತೆ. ಇದು ಆಕಸ್ಮಿಕ ಅಲ್ಲ. ಸಿಗರೇಟಿನ ಕಾಗದ ಎಷ್ಟು ಗಾಳಿ ಬಿಡಬೇಕು ಅನ್ನೋದನ್ನ ಕಾರ್ಖಾನೆಯಲ್ಲಿ ಅಳೆದು ಮಾಡುತ್ತಾರೆ, ಸಿಟ್ರೇಟ್ ಲವಣಗಳನ್ನು ಸೇರಿಸಿ ಉರಿಯುವ ವೇಗವನ್ನು ಹದ ಮಾಡುತ್ತಾರೆ. ಒಂದೇ ಸಮ ಉರಿಯಬೇಕು, ಗಿರಾಕಿ ಮತ್ತೆ ಮತ್ತೆ ಕಡ್ಡಿ ಗೀರೋ ಹಾಗಾಗಬಾರದು. ಅನುಕೂಲ ಹೌದು. ಆದರೆ ನೀವು ಸೇದದೇ ಇರುವಾಗಲೂ ನಿಮ್ಮ ದುಡ್ಡು ಉರಿಯುತ್ತಾ ಇರುತ್ತೆ. ನಾನು ಬಿ.ಕಾಂ. ಓದಿದವನು, ನನಗೆ ಮೊದಲು ಕಾಣಿಸೋದೇ ಇದು.

ನಮ್ಮಲ್ಲಿ ಇನ್ನೊಂದು ಉಪಾಯವೂ ಇತ್ತು, ಬಿಡಿ ಸಿಗರೇಟು. ಪ್ಯಾಕ್ ಕೊಳ್ಳೋಕೆ ಆಗದವನು ಪೆಟ್ಟಿಗೆ ಅಂಗಡಿಯಲ್ಲಿ ಒಂದೇ ಒಂದು ಕೊಂಡು, ಅಲ್ಲೇ ತೂಗುಬಿಟ್ಟ ಹಗ್ಗದ ಕೆಂಡಕ್ಕೆ ಹಚ್ಚಿಕೊಂಡು ಹೋಗುತ್ತಿದ್ದ. ಇಂಗ್ಲೆಂಡಿನಲ್ಲೂ ಬಡವರಿಗೆ ಅಂತಲೇ ಚಿಕ್ಕ ಪ್ಯಾಕ್ ಬಂದಿತ್ತು. ವಿಲ್ಸ್ ಕಂಪನಿ 1888ರಲ್ಲಿ ತಂದ ವುಡ್‌ಬೈನ್ ಒಂದು ಪೆನ್ನಿಗೆ ಐದು.

ಅಮೆರಿಕದ ವಿಷಯ ಬೇಗ ಹೇಳಿ ಮುಂದೆ ಹೋಗ್ತೀನಿ, ಆದರೆ ಬಿಡೋ ಹಾಗಿಲ್ಲ. ಮಹಾ ಆರ್ಥಿಕ ಕುಸಿತದ ನಡುವೆ, 1931ರ ಜೂನ್‌ನಲ್ಲಿ, ಅಂದ್ರೆ ಎಲೆ ತಂಬಾಕಿನ ಬೆಲೆ ನೆಲ ಕಚ್ಚಿದ್ದಾಗ, ಕ್ಯಾಮೆಲ್ ಮಾಡುವ ರೆನಾಲ್ಡ್ಸ್ ಕಂಪನಿ ಸಾವಿರ ಸಿಗರೇಟಿನ ಬೆಲೆಯನ್ನು 6.40 ಡಾಲರಿನಿಂದ 6.85ಕ್ಕೆ ಏರಿಸಿತು. ಉಳಿದ ಎರಡು ದೊಡ್ಡ ಕಂಪನಿಗಳೂ ಕೂಡಲೇ ಅಷ್ಟೇ ಏರಿಸಿದವು. ಜನ ಏನು ಮಾಡಿದರು? ಹತ್ತು ಸೆಂಟಿನ ಅಗ್ಗದ ಬ್ರ್ಯಾಂಡುಗಳ ಕಡೆ ಹೋದರು. 1931ರ ಜೂನ್‌ನಲ್ಲಿ ಮಾರುಕಟ್ಟೆಯ ಶೇಕಡಾ 0.28ರಷ್ಟಿದ್ದ ಆ ಬ್ರ್ಯಾಂಡುಗಳು 1932ರ ನವೆಂಬರ್ ಹೊತ್ತಿಗೆ ಶೇಕಡಾ 22.78ಕ್ಕೆ ಏರಿದವು. ದೊಡ್ಡವರು ಗಾಬರಿಯಾಗಿ 1933ರ ಆರಂಭದಲ್ಲಿ ಬೆಲೆ ಇಳಿಸಿದರು. ಈ ಕೇಸು 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕಂಪನಿಗಳು ಸೋತವು. ಆ ಅಂಕಿಗಳು ಇವತ್ತು ನಮಗೆ ಸಿಗೋದು ಆ ತೀರ್ಪಿನಲ್ಲೇ. ಬ್ರ್ಯಾಂಡ್ ಬದಲಿಸೋದು, ಕೈಯಲ್ಲಿ ಸುತ್ತಿಕೊಳ್ಳೋದು, ಇದ್ದಿದ್ದನ್ನು ಅರ್ಧ ಉಳಿಸೋದು: ಜೇಬು ಖಾಲಿಯಿದ್ದವನ ಮುಂದೆ ಇದ್ದಿದ್ದು ಇಷ್ಟೇ ದಾರಿ.

ಅರ್ಧ ಉಳಿಸುವುದು ಎಷ್ಟು ಗಂಭೀರ ವ್ಯವಹಾರ ಆಗಬಹುದು ಅನ್ನೋದಕ್ಕೆ ಯುದ್ಧಕಾಲಕ್ಕೆ ಬರಬೇಕು. ಅರ್ಥಶಾಸ್ತ್ರ ಓದಿದವರಿಗೆ ಆರ್. ಎ. ರ್‍ಯಾಡ್‌ಫರ್ಡ್ ಹೆಸರು ನೆನಪಿರಬಹುದು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆ ಸಿಕ್ಕ ಬ್ರಿಟಿಷ್ ಅಧಿಕಾರಿ. ಬಿಡುಗಡೆಯಾಗಿ ಬಂದು 1945ರ ನವೆಂಬರ್‌ನಲ್ಲಿ ‘ಎಕನಾಮಿಕಾ’ ಪತ್ರಿಕೆಯಲ್ಲಿ ಯುದ್ಧಕೈದಿಗಳ ಶಿಬಿರದ ಆರ್ಥಿಕತೆ ಬಗ್ಗೆ ಒಂದು ಲೇಖನ ಬರೆದರು. ಹಣ ಅಂದ್ರೆ ಏನು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಅದನ್ನು ಓದಿದ ಮೇಲೆ, ಮೂರು ವರ್ಷದ ಡಿಗ್ರಿಯಲ್ಲಿ ಅಲ್ಲ. ಶಿಬಿರದಲ್ಲಿ ರೆಡ್ ಕ್ರಾಸ್ ಕಡೆಯಿಂದ ವಾರಕ್ಕೆ ತಲಾ 25 ಅಥವಾ 50 ಸಿಗರೇಟು ಬರುತ್ತಿತ್ತು. ಬ್ರೆಡ್ಡು, ಜಾಮು, ಸೋಪು, ಅಂಗಿ ಒಗೆದುಕೊಡೋ ಕೂಲಿ, ಎಲ್ಲಕ್ಕೂ ಬೆಲೆ ಸಿಗರೇಟಿನಲ್ಲೇ. ಸರಕು ಬರುವುದು ನಿಂತಾಗ ಜನ ಕೈಯಲ್ಲಿದ್ದ ಹಣವನ್ನೇ ಸೇದಿ ಮುಗಿಸುತ್ತಿದ್ದರು, ಬೆಲೆಗಳು ಕುಸಿಯುತ್ತಿದ್ದವು. ಹೊಸ ಪಾರ್ಸೆಲ್ ಬಂದರೆ ಹಣದುಬ್ಬರ! ನಾಣ್ಯದ ಅಂಚು ಕೆರೆದು ಬೆಳ್ಳಿ ಕದಿಯೋ ಹಾಗೆ, ಸಿಗರೇಟನ್ನು ಬೆರಳುಗಳ ನಡುವೆ ಉರುಳಿಸಿ ಸ್ವಲ್ಪ ತಂಬಾಕು ಉದುರಿಸಿಕೊಂಡು ಉಳಿದದ್ದನ್ನು ಚಲಾವಣೆಗೆ ಬಿಡೋರೂ ಇದ್ದರು. ಒಳ್ಳೇ ಬ್ರ್ಯಾಂಡ್ ಸೇದೋಕೆ, ಕೆಟ್ಟ ಬ್ರ್ಯಾಂಡ್ ವ್ಯಾಪಾರಕ್ಕೆ. ಗ್ರೆಶಾಮ್ ನಿಯಮ, ಮುಳ್ಳುತಂತಿಯ ಒಳಗೆ.

ಅಲ್ಲಿ ಒಂದು ಸಿಗರೇಟು ಹಚ್ಚೋದು ಅಂದ್ರೆ ನೋಟಿಗೆ ಬೆಂಕಿ ಇಟ್ಟ ಹಾಗೆ. ಹಚ್ಚಿದ ಮೇಲೆ ಅದು ಹಣವಾಗಿ ಉಳಿಯಲ್ಲ, ಮೋಟು ಕೊಟ್ಟು ಬ್ರೆಡ್ಡು ತರೋದು ಕಷ್ಟ. ಅರ್ಧಕ್ಕೆ ಆರಿಸಿ ಇಟ್ಟುಕೊಂಡರೆ ಮುಂದಿನ ಸಲ ಇನ್ನೊಂದು ನೋಟಿಗೆ ಬೆಂಕಿ ಇಡೋದು ತಪ್ಪುತ್ತೆ. ಯುದ್ಧ ಮುಗಿದ ಮೇಲೆ ಸೋತ ಜರ್ಮನಿಯಲ್ಲೂ ಇದೇ ಆಯಿತು. ರೈಷ್‌ಮಾರ್ಕ್ ಬೆಲೆ ಕಳೆದುಕೊಂಡಿತ್ತು, ಕಾಳಸಂತೆಯಲ್ಲಿ ಒಂದೇ ಒಂದು ಅಮೆರಿಕನ್ ಸಿಗರೇಟಿಗೆ ಹಲವು ಮಾರ್ಕ್. ಅಮೆರಿಕದ ಸೈನಿಕರು ಎಸೆದ ಮೋಟುಗಳನ್ನು ಆಯ್ದು, ತಂಬಾಕು ಬಿಡಿಸಿ, ಹೊಸ ಸಿಗರೇಟು ಸುತ್ತಿ ಮಾರುವವರು ಎಷ್ಟು ಜನ ಇದ್ದರು ಅಂದ್ರೆ ಅವರಿಗೆ ಜರ್ಮನ್ ಭಾಷೆಯಲ್ಲಿ ಒಂದು ಹೆಸರೇ ಹುಟ್ಟಿತ್ತು, ಕಿಪ್ಪೆನ್‌ಸಾಮ್ಲರ್, ಮೋಟು ಆಯುವವ. 1948ರ ಜೂನ್ 20ರಂದು ಡಾಯ್ಚ್‌ಮಾರ್ಕ್ ಬಂದ ಮೇಲೆ ಸಿಗರೇಟು ಮತ್ತೆ ಬರೀ ಸಿಗರೇಟಾಯಿತು.

ಗೆದ್ದ ಬ್ರಿಟನ್ನಿನ ಕಥೆ ನನಗೆ ಇದಕ್ಕಿಂತ ಕುತೂಹಲದ್ದು. ಅಲ್ಲಿ ಚಹಾ, ಸಕ್ಕರೆ, ಬೆಣ್ಣೆ, ಮಿಠಾಯಿ ಎಲ್ಲಕ್ಕೂ ರೇಷನ್ ಇತ್ತು. ತಂಬಾಕಿಗೆ ಮಾತ್ರ ಕೊನೇತನಕ ರೇಷನ್ ಬರಲಿಲ್ಲ. ಆದರೆ ತಂಬಾಕಿನ ಬಹುಪಾಲು ಬರುತ್ತಿದ್ದದ್ದು ಅಮೆರಿಕದಿಂದ, ಅದಕ್ಕೆ ಡಾಲರ್ ಕೊಡಬೇಕು, ಯುದ್ಧ ಮುಗಿಸಿ ಸುಸ್ತಾಗಿದ್ದ ಬ್ರಿಟನ್ನಿನ ಬಳಿ ಡಾಲರ್ ಇರಲಿಲ್ಲ. 1947ರ ಏಪ್ರಿಲ್‌ನಲ್ಲಿ ಹಣಕಾಸು ಸಚಿವ ಹ್ಯೂ ಡಾಲ್ಟನ್ ತೆರಿಗೆ ಏರಿಸಿದರು. 20 ಸಿಗರೇಟಿನ ಪ್ಯಾಕು 2 ಶಿಲಿಂಗ್ 4 ಪೆನ್ಸ್‌ನಿಂದ ಒಂದೇ ಏಟಿಗೆ 3 ಶಿಲಿಂಗ್ 4 ಪೆನ್ಸ್. ಆಗ ಶಿಲಿಂಗಿಗೆ 12 ಪೆನ್ಸ್. ಲೆಕ್ಕ ಹಾಕಿ: 28 ಪೆನ್ಸ್ ಇದ್ದದ್ದು 40 ಆಯಿತು, ನೂರಕ್ಕೆ 43ರಷ್ಟು ಏರಿಕೆ. ಒಂದು ಸಿಗರೇಟಿಗೆ ಸರಿಯಾಗಿ ಎರಡು ಪೆನ್ಸ್. ಅಂದ್ರೆ ಅರ್ಧ ಸಿಗರೇಟಿನ ಬೆಲೆ ಒಂದು ಪೆನ್ನಿ, ಅಜ್ಜನ ಕಾಲದಲ್ಲಿ ಐದು ವುಡ್‌ಬೈನ್ ಬರುತ್ತಿದ್ದ ಅದೇ ಪೆನ್ನಿ. ವೃದ್ಧಾಪ್ಯ ಪಿಂಚಣಿ ಪಡೆಯುವವರಿಗೆ ಹೊರೆಯಾಗುತ್ತೆ ಅಂತ ಸರ್ಕಾರವೇ ತಂಬಾಕಿನ ಟೋಕನ್ ಕೊಡಬೇಕಾಯಿತು, 1958ರವರೆಗೂ ಅದು ನಡೆಯಿತು. ಸರ್ಕಾರ ಮುದುಕರಿಗೆ ಸಿಗರೇಟಿನ ಸಬ್ಸಿಡಿ ಕೊಟ್ಟಿತ್ತು ಅಂತ ಇವತ್ತು ಹೇಳಿದರೆ ನಗು ಬರುತ್ತೆ.

ಅಂಥ ದೇಶದಲ್ಲಿ ಮೋಟು ಉಳಿಸೋದು ಜಿಪುಣತನ ಅನ್ನಿಸಿಕೊಳ್ಳಲಿಲ್ಲ, ಅದೇ ಅಭ್ಯಾಸ ಆಯಿತು. ಕೆಂಡವನ್ನು ಉಗುರಿನಿಂದ ಚಿವುಟಿ ಬೀಳಿಸಿ ಉಳಿದದ್ದನ್ನು ಕಿವಿ ಹಿಂದೆ ಸಿಗಿಸಿಕೊಳ್ಳೋರು. ನಮ್ಮ ಗಾರೆ ಕೆಲಸದವರ ಹಾಗೇ. ಮೋಟಿಗೆ ಊರಿಗೊಂದು ಹೆಸರು: ಡಾಗ್-ಎಂಡ್, ಡಿಂಪ್, ನಬ್. ಕೊನೇ ದಮ್ಮನ್ನು ತುಟಿ ಸುಡೋವರೆಗೆ ಎಳೆಯೋರು, ಹಿಡಿಯೋಕೆ ಆಗದಿದ್ದರೆ ಗುಂಡುಪಿನ್ನಿಗೆ ಚುಚ್ಚಿಕೊಂಡು ಎಳೆಯೋರು.

ಇಲ್ಲಿಗೆ ಇದು ಬರೀ ಮಿತವ್ಯಯದ ಕಥೆ. ಹಾಗೇ ನಿಲ್ಲಿಸಬಹುದಿತ್ತು. ಆದರೆ ಈ ಮೋಟುಗಳನ್ನು ಸ್ಕೇಲ್ ಹಿಡಿದು ಅಳೆದವರಿದ್ದಾರೆ.

ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲೇ ಎತ್ತಿ ತೋರಿಸಿದ್ದವರು. ಅವರ ಮುಂದೆ ಒಂದು ಒಗಟಿತ್ತು. ತಲೆ ಲೆಕ್ಕದಲ್ಲಿ ಅಮೆರಿಕದವರು ಬ್ರಿಟಿಷರಿಗಿಂತ ಹೆಚ್ಚು ಸಿಗರೇಟು ಸೇದುತ್ತಾರೆ, ಆದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರು ಬ್ರಿಟನ್ನಿನಲ್ಲೇ ಹೆಚ್ಚು. ಯಾಕೆ? ಬ್ರಿಟಿಷ್ ಊರುಗಳ ಹೊಗೆ ಒಂದು ಕಾರಣ ಇರಬಹುದು. ಇನ್ನೊಂದು ಇರಬಹುದಾದ ಕಾರಣಕ್ಕಾಗಿ ಮೋಟುಗಳನ್ನು ಅಳೆದರು. 1959ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನದ ಪ್ರಕಾರ ಬ್ರಿಟಿಷರು ಎಸೆಯುವ ಮೋಟಿನ ಸರಾಸರಿ ಉದ್ದ ಸುಮಾರು 19 ಮಿಲಿಮೀಟರ್, ಅಮೆರಿಕದವರದು ಸುಮಾರು 31. ಫಿಲ್ಟರ್ ಇಲ್ಲದ ಮಾಮೂಲಿ ಸಿಗರೇಟಿನ ಉದ್ದ 70 ಮಿಲಿಮೀಟರ್ ಅನ್ನೋದು ನೆನಪಿರಲಿ. ಬಡತನ ಉಳಿಸಿದ ಆ 12 ಮಿಲಿಮೀಟರ್ ಅಮೆರಿಕದಲ್ಲಿ ಚರಂಡಿಗೆ ಹೋಗುತ್ತಿತ್ತು, ಬ್ರಿಟನ್ನಿನಲ್ಲಿ ಎದೆಯೊಳಗೆ. ವ್ಯತ್ಯಾಸಕ್ಕೆಲ್ಲಾ ಇದೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ, ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ಕೈ ಹಾಕಿತ್ತು. ಯಾಕಂದ್ರೆ ಸಿಗರೇಟಿನ ಎರಡು ಅರ್ಧಗಳು ಒಂದೇ ಅಲ್ಲ. ಮೊದಲ ದಮ್ಮುಗಳ ಹೊಗೆ ಇಡೀ ತಂಬಾಕಿನ ಉದ್ದಕ್ಕೂ ಹಾದು ಬರುತ್ತೆ, ದಾರಿಯಲ್ಲಿ ಟಾರ್‌ನ ಒಂದಷ್ಟು ಭಾಗವನ್ನು ಆ ತಂಬಾಕೇ ಹಿಡಿದಿಟ್ಟುಕೊಳ್ಳುತ್ತೆ. ಕೆಂಡ ಹತ್ತಿರ ಬಂದಂತೆ ಹಿಡಿದಿಟ್ಟಿದ್ದೂ ಸುಡುತ್ತೆ, ಸೋಸೋಕೆ ಉಳಿದ ತಂಬಾಕೂ ಕಡಿಮೆ. ಕೊನೆಕೊನೆಯ ದಮ್ಮಿನಲ್ಲೇ ಟಾರ್ ಜಾಸ್ತಿ. ಕೊಳವೆಯಲ್ಲಿ ಜೋಪಾನ ಮಾಡಿದ್ದು ಈ ಎರಡನೇ ಅರ್ಧವನ್ನ. ಆರಿದ ಸಿಗರೇಟನ್ನು ಮತ್ತೆ ಹಚ್ಚಿದಾಗ ಬರುವ ಕಮಟು ರುಚಿ ಇದೆಯಲ್ಲ, ಅದು ತುದಿಯ ಇದ್ದಿಲು ಮತ್ತು ತಣ್ಣಗಾಗಿ ಅಂಟಿಕೂತ ಈ ಟಾರ್‌ನದೇ.

ನಮ್ಮಪ್ಪನ ಲೆಕ್ಕ ಬೇರೆ ಇತ್ತು. ದಿನಕ್ಕೆ ಎಂಟು ಸೇದುತ್ತಿದ್ದವರು ಡಬ್ಬಿ ಬಂದ ಮೇಲೆ ನಾಲ್ಕಕ್ಕೆ ಇಳಿಸಿದೆ ಅನ್ನುತ್ತಿದ್ದರು. ನಾಲ್ಕನ್ನೇ ಎಂಟು ಸಲ. ಅಮ್ಮನಿಗೂ ಅದನ್ನೇ ಹೇಳಿದ್ದು, ಡಾಕ್ಟರಿಗೂ ಅದನ್ನೇ ಹೇಳಿದ್ದು. ಅಪ್ಪ ಸುಳ್ಳು ಹೇಳ್ತಿರಲಿಲ್ಲ, ಪ್ಯಾಕಿನ ಖರ್ಚು ನಿಜಕ್ಕೂ ಅರ್ಧ ಆಗಿತ್ತು. ಅವರು ಲೆಕ್ಕ ಇಟ್ಟಿದ್ದು ಕೊಂಡ ಸಿಗರೇಟಿಗೆ, ಎಳೆದ ಹೊಗೆಗೆ ಅಲ್ಲ. ಸಿಗರೇಟು ಕಡಿಮೆ ಮಾಡಿದವರು ಪ್ರತಿಯೊಂದರಿಂದಲೂ ಹೆಚ್ಚು ಆಳವಾಗಿ, ಹೆಚ್ಚು ಸಲ ಎಳೆದು ಕೊರತೆ ತುಂಬಿಕೊಳ್ಳುತ್ತಾರೆ ಅನ್ನೋದು ಈಗ ಚೆನ್ನಾಗಿ ಗೊತ್ತಿರೋ ವಿಷಯ. ಮೊದಲು ಅಪ್ಪ ಅರ್ಧ ಸಿಗರೇಟನ್ನು ಮಾತಿನ ನಡುವೆ ಗಾಳಿಗೇ ಬಿಟ್ಟುಬಿಡುತ್ತಿದ್ದರು. ಡಬ್ಬಿ ಬಂದ ಮೇಲೆ ಒಂದು ದಮ್ಮೂ ವ್ಯರ್ಥ ಆಗಲಿಲ್ಲ. ಎರಡು ವರ್ಷದ ಹಿಂದೆ ಸಿಒಪಿಡಿ ಅಂತ ಹೇಳಿದರು. ಈಗ ಮನೆಯಲ್ಲಿ ಆಕ್ಸಿಜನ್ ಯಂತ್ರ ಇದೆ. ಈ ಸಂಚಿಕೆ ರೆಕಾರ್ಡ್ ಮಾಡುವಾಗ ಅದರ ಗುಂಯ್ ಸದ್ದು ಹಿಂದೆ ಕೇಳಿಸಿದರೆ ಕ್ಷಮಿಸಿ.

ಇನ್ನೊಂದು ಎಳೆ ಬಾಕಿ ಇದೆ, ಆಗಲೇ ಹೇಳಿದ್ದೆನಲ್ಲ, ಸಿಗರೇಟು ತಾನಾಗೇ ಆರಲ್ಲ ಅಂತ. ಅದು ಬರೀ ದುಡ್ಡಿನ ಪ್ರಶ್ನೆ ಆಗಿ ಉಳಿಯಲಿಲ್ಲ. ಸೋಫಾ ಮೇಲೆ, ಹಾಸಿಗೆ ಮೇಲೆ ಬಿದ್ದ ಸಿಗರೇಟು ಸದ್ದಿಲ್ಲದೆ ಹೊಗೆಯಾಡುತ್ತಾ, ಅರ್ಧ ಗಂಟೆ ಕಳೆದ ಮೇಲೆ ಮನೆ ಹತ್ತಿಕೊಳ್ಳುತ್ತೆ. ಅಮೆರಿಕದಲ್ಲಿ ಮನೆಗೆ ಬೆಂಕಿ ಬಿದ್ದು ಸಾಯುವವರ ಲೆಕ್ಕದಲ್ಲಿ ದಶಕಗಟ್ಟಲೆ ಮುಂದಿದ್ದ ಕಾರಣ ಇದೇ. 1979ರಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟ್‌ವುಡ್‌ನಲ್ಲಿ ಸಿಗರೇಟಿನಿಂದ ಹೊತ್ತಿದ ಬೆಂಕಿಗೆ ಐದು ಮಕ್ಕಳಿದ್ದ ಒಂದು ಕುಟುಂಬ ಬಲಿಯಾಯಿತು. ಅಲ್ಲಿನ ಸಂಸದ ಜೋ ಮೋಕ್ಲಿ, ಸೇದದೇ ಬಿಟ್ಟರೆ ತಾನೇ ಆರುವ ಸಿಗರೇಟು ಮಾಡಿ ಅಂತ ಮಸೂದೆ ತಂದರು. ಆಗಲ್ಲ, ಗಿರಾಕಿ ಒಪ್ಪಲ್ಲ ಅಂತ ಉದ್ಯಮ ವಾದಿಸಿತು. ಅದೇ ಹೊತ್ತಿಗೆ, 1980ರ ದಶಕದಲ್ಲಿ, ಫಿಲಿಪ್ ಮೋರಿಸ್ ಕಂಪನಿಯ ಒಳಗೆ ಇದೇ ವಿಷಯದ ಮೇಲೆ ಸಂಶೋಧನೆ ನಡೆದಿತ್ತು. ಯೋಜನೆಯ ಹೆಸರು ಹ್ಯಾಮ್ಲೆಟ್. ಉರಿಯಬೇಕೋ, ಬೇಡವೋ! ಹೆಸರಿಟ್ಟವನಿಗೆ ಹಾಸ್ಯಪ್ರಜ್ಞೆ ಇತ್ತು, ಅದಂತೂ ನಿಜ.

ಕೊನೆಗೆ 2004ರಲ್ಲಿ ನ್ಯೂಯಾರ್ಕ್ ರಾಜ್ಯ ಇದನ್ನು ಕಡ್ಡಾಯ ಮಾಡಿತು, ಆಮೇಲೆ ಅಮೆರಿಕದ ಉಳಿದ ರಾಜ್ಯಗಳು, 2011ರಲ್ಲಿ ಯುರೋಪಿಯನ್ ಒಕ್ಕೂಟ. ಉಪಾಯ ಏನು ಗೊತ್ತಾ? ಕಾಗದದಲ್ಲಿ ಅಲ್ಲಲ್ಲಿ ಗಾಳಿ ಅಷ್ಟಾಗಿ ಬಿಡದ ಪಟ್ಟಿ ಹಾಕೋದು. ಎಳೆಯದೇ ಬಿಟ್ಟರೆ ಕೆಂಡ ಆ ಪಟ್ಟಿಗೆ ಬಂದು ಸೊರಗಿ ಆರುತ್ತೆ. ಅಂದ್ರೆ ಸಿಗರೇಟು ಅಷ್ಟರಮಟ್ಟಿಗೆ ಬೀಡಿಯಾಯಿತು. ಜೇಬಿನ ಕೊಳವೆ ಮಾಡುತ್ತಿದ್ದ ಕೆಲಸವನ್ನು ಮೊದಲಿಂದಲೂ ಕಾಗದವೇ ಮಾಡಬಹುದಿತ್ತೇನೋ ಅಂತ ನನಗೆ ಅನ್ನಿಸಿದ್ದು ಇಲ್ಲಿ. ಅದಕ್ಕೆ ಕಾನೂನು ಬೇಕಾಯಿತು, ಮೊದಲ ಮಸೂದೆಯಿಂದ ಲೆಕ್ಕ ಹಾಕಿದರೆ 25 ವರ್ಷ.

ಕೊಳವೆ ಮಾತ್ರ ಪೂರ್ತಿ ಸತ್ತಿಲ್ಲ. ಟೋಕಿಯೊದ ಚಿಯೊಡಾ ವಾರ್ಡ್ 2002ರಲ್ಲಿ ಬೀದಿಯಲ್ಲಿ ಸೇದುವವರಿಗೆ 2000 ಯೆನ್ ದಂಡ ಹಾಕಲು ಶುರು ಮಾಡಿತು. ಜಪಾನಿನಲ್ಲಿ ಸೇದುವವರ ಜೇಬಲ್ಲಿ ಪುಟ್ಟ ಆ್ಯಶ್‌ಟ್ರೇ ಈಗ ಮಾಮೂಲಿ. ಅದೂ ಗಾಳಿ ತಪ್ಪಿಸಿ ಕೆಂಡ ಆರಿಸುತ್ತೆ. ಆದರೆ ಒಳಗಿರೋ ಮೋಟು ಮತ್ತೆ ಹಚ್ಚೋಕಲ್ಲ, ಮನೆಗೆ ಒಯ್ದು ಬಿಸಾಡೋಕೆ.

ಕಳೆದ ವಾರ ಈ ಸ್ಕ್ರಿಪ್ಟ್ ಬರೆಯುವಾಗ ಅಪ್ಪನನ್ನು ಕೇಳಿದೆ, ಆ ಎರಡನೇ ಅರ್ಧ ರುಚಿ ಇರ್ತಿತ್ತಾ ಅಂತ. ಸ್ವಲ್ಪ ಹೊತ್ತು ಉಸಿರು ಹಿಡಿದುಕೊಂಡು, ‘ಥೂ, ಕೆಟ್ಟದಾಗಿರ್ತಿತ್ತು’ ಅಂದರು. ಮತ್ತೆ ಯಾಕೆ ಸೇದ್ತಿದ್ರಿ? ‘ದುಡ್ಡು ಕೊಟ್ಟಿರ್ತೀವಲ್ಲೋ.’ ಡಬ್ಬಿ ಎಲ್ಲಿ ಅಂತ ಕೇಳಿದ್ದಕ್ಕೆ ಅಮ್ಮ ಒಳಗಿನಿಂದ ತಂದು ತೋರಿಸಿದಳು. ಸೋಪು ಹಾಕಿ ತೊಳೆದು ಅದರಲ್ಲಿ ಹೊಲಿಗೆ ಸೂಜಿ ಇಟ್ಟುಕೊಂಡಿದ್ದಾಳೆ. ಮುಚ್ಚಳ ತೆಗೆದು ಮೂಸಿ ನೋಡಿದೆ, ಇನ್ನೂ ವಾಸನೆ ಹೋಗಿಲ್ಲ.

ಮುಂದಿನ ಸಂಚಿಕೆ ಬೆಂಕಿಪೊಟ್ಟಣದ ಬಗ್ಗೆ. ನಿಮ್ಮ ಮನೆಯಲ್ಲೂ ಇಂಥ ಕೊಳವೆ, ಡಬ್ಬಿ ಏನಾದರೂ ಇದ್ದರೆ ಒಂದು ಫೋಟೋ ತೆಗೆದು ಕಳಿಸಿ.